ಫಲಕದಲ್ಲಿದ್ದ ರೊಟ್ಟಿ ಗಾಡಿ

ಹೆಬ್ಬಾಳದ ಒಂದು ವಸ್ತುಸಂಗ್ರಹಾಲಯದಲ್ಲಿ ನಾನು ವಿವರಣೆ ಕೊಡುವ ಕೆಲಸ ಮಾಡುತ್ತೇನೆ. ಕಲಬೆರಕೆ ಹಾಲು, ಹುಳು ಬಿದ್ದ ಮಾಂಸ, ಕೊಳಕು ನೀರಿನಿಂದ ಬರುವ ರೋಗ, ಇವನ್ನೆಲ್ಲ ಮಾದರಿಗಳಲ್ಲಿ, ಚಿತ್ರಗಳಲ್ಲಿ ತೋರಿಸಿ ಬಂದವರಿಗೆ ತಿಳಿಹೇಳಬೇಕು.

ಗೇಟಿನ ಆಚೆ ಒಬ್ಬ ಹೆಂಗಸು ತಳ್ಳುಗಾಡಿಯಲ್ಲಿ ಜೋಳದ ರೊಟ್ಟಿ ಮಾರುತ್ತಿದ್ದಳು. ನಮ್ಮ ಗದಗಿನ ಕಡೆಯವಳೇ. ಅಕ್ಕ ಎನ್ನುತ್ತಿದ್ದೆ. ಮೂರು ವರ್ಷ ನನ್ನ ಮಧ್ಯಾಹ್ನದ ಊಟ ಆಕೆಯ ಕೈಯದೇ. ತಟ್ಟೆ ತೊಳೆಯುವ ನೀರನ್ನು ಆಕೆ ದೂರದ ಬೀದಿಯ ನಲ್ಲಿಯಿಂದ ಹೊತ್ತು ತರಬೇಕಿತ್ತು.

"ತಮ್ಮಾ, ನಿಮ್ಮ ಕಂಪೌಂಡಿನ ನಳದಾಗ ಎರಡು ಕೊಡ ನೀರು ಹಿಡಕೊಳ್ಳಾಕ ಕೇಳಿ ನೋಡು" ಎಂದಳು ಒಮ್ಮೆ.

ಸಂಗ್ರಹಾಲಯದ ಸಾಹೇಬರನ್ನು ಕೇಳಿದೆ. "ನೀರು ಕೊಟ್ರೆ ಅಲ್ಲೇ ತಳ ಊರ್ತಾರೆ ಕಣ್ರೀ" ಎಂದರು. ನಾನು ಮತ್ತೆ ಕೇಳಲಿಲ್ಲ.

ಕೆಲವು ತಿಂಗಳ ಮೇಲೆ ಬೀದಿಬದಿಯ ತಿಂಡಿಯ ಬಗ್ಗೆ ಹೊಸ ಫಲಕ ಮಾಡಿಸುವಾಗ ಫೋಟೊ ಬೇಕಾಯಿತು. ಸಂಜೆ ಹೊತ್ತಿಗೆ ಆಕೆಯ ಬಕೆಟ್ಟಿನ ನೀರು ಬಗ್ಗಡವಾಗಿರುತ್ತಿತ್ತು. ನಾನೇ ಮೊಬೈಲಿನಲ್ಲಿ ತೆಗೆದೆ. ಆಕೆ ಸೆರಗು ಸರಿಮಾಡಿಕೊಂಡು ನಕ್ಕಳು. ಮುಖ ಕಾಣದಂತೆ ಕತ್ತರಿಸುತ್ತಾರೆ ಅಂದುಕೊಂಡಿದ್ದೆ. ಕತ್ತರಿಸಲಿಲ್ಲ. ಕತ್ತರಿಸಿ ಎಂದು ನಾನೂ ಹೇಳಲಿಲ್ಲ.

ಎಲ್ಲರಿಗೂ ಉಚಿತ ಪ್ರವೇಶ ಇಟ್ಟ ಒಂದು ಭಾನುವಾರ ಆಕೆ ಒಗೆದ ಸೀರೆಯುಟ್ಟು ಒಳಗೆ ಬಂದಳು. ಹಾಲಿನ ಮಾದರಿಗಳ ಕಡೆ ಕರೆದೊಯ್ಯಲು ನೋಡಿದೆ. ಅಷ್ಟರಲ್ಲಿ ಫಲಕ ಕಂಡಿತ್ತು.

"ನಾನ ಅಲ್ಲೇನು ಇದು?" ಆಕೆಯ ಮುಖ ಅರಳಿತು. "ನನಗ ಓದಾಕ ಬರೂದಿಲ್ಲ. ಏನ್ ಬರದಾರ ತಮ್ಮಾ?"

"ಪಾತ್ರೆ ಸ್ವಚ್ಛ ತೊಳೀಬೇಕು ಅಂತ ಬರದೈತಿ ಅಕ್ಕ."

ಪಕ್ಕದಲ್ಲಿ ಮನೆಮಂದಿಯೊಂದಿಗೆ ನಿಂತಿದ್ದ ಒಬ್ಬರು, ಆಕೆ ಯಾರೆಂದು ಗಮನಿಸದೆ, ನನ್ನನ್ನು ತಿದ್ದಿದರು: "ಸರಿಯಾಗಿ ಓದಿ ಸಾರ್. ಇಂಥ ಕಡೆ ತಿಂದು ರೋಗ ತಂದ್ಕೋಬೇಡಿ ಅಂತಿದೆ."

ಆಕೆ ಫೋಟೊವನ್ನೇ ನೋಡುತ್ತ ನಿಂತಳು. ಆಮೇಲೆ ಮೆಲ್ಲಗೆ ಕೇಳಿದಳು: "ದಿನಾ ಉಂಡೀಯಲ್ಲಪಾ. ನಿನಗ ಯಾವ ರೋಗ ಬಂತು?"

 ಆಕೆ ಉಳಿದದ್ದೇನನ್ನೂ ನೋಡದೆ ಹೊರಟುಹೋದಳು.

ಮರುದಿನ ಫಲಕ ತೆಗೆಸಿ ಎಂದು ಸಾಹೇಬರ ಮುಂದೆ ನಿಂತೆ. "ಇಷ್ಟಕ್ಕೆಲ್ಲ ಬದಲಾಯ್ಸೋಕಾಗುತ್ತೇನ್ರೀ?" ಎಂದವರು ಫೋಟೊದಲ್ಲಿ ಆಕೆಯ ಕಣ್ಣುಗಳ ಮೇಲೆ ಕರಿ ಪಟ್ಟಿ ಅಂಟಿಸಿದರು. ಈಗ ಆಕೆ ಸಿಕ್ಕಿಬಿದ್ದ ಕಳ್ಳಿಯ ಹಾಗೆ ಕಾಣುತ್ತಿದ್ದಳು.

ಮಧ್ಯಾಹ್ನ ಗಾಡಿಯ ಹತ್ತಿರ ಹೋದೆ. ಬಟ್ಟೆ ಮುಚ್ಚಿದ ಬುಟ್ಟಿಯಲ್ಲಿ ರೊಟ್ಟಿ ತುಂಬಿದ್ದವು.

"ರೊಟ್ಟಿ ಮುಗದಾವರೀ" ಎಂದಳು. ಅಷ್ಟು ದಿನ ತಮ್ಮಾ ಎನ್ನುತ್ತಿದ್ದವಳು 'ರೀ' ಹಚ್ಚಿದ್ದಳು. ಹಾಗೆಂದವಳೇ ನನ್ನ ಹಿಂದೆ ನಿಂತಿದ್ದ ಆಟೊದವನಿಗೆ ಎರಡು ರೊಟ್ಟಿ ತೆಗೆದು ಕೊಟ್ಟಳು.

ಆಕೆ ಗಾಡಿಯನ್ನು ರಾಜಾನುಕುಂಟೆ ಕಡೆಗೆ ಒಯ್ದಳೆಂದು ತಿಂಗಳೊಪ್ಪತ್ತಿನ ಮೇಲೆ ಅದೇ ಆಟೊದವನು ಹೇಳಿದ. ಫಲಕ ಇನ್ನೂ ಅಲ್ಲೇ ಇದೆ. ಶಾಲೆಯ ಮಕ್ಕಳು ಬಂದಾಗ ಅದರ ಮುಂದೆ ನಿಂತು ವಿವರಿಸುವುದು ನನ್ನ ಪಾಲಿನ ಕೆಲಸ. ವಿವರಿಸುತ್ತೇನೆ.