ಮೋಟಾರಿಗೆ ಕುಡಿಸಿದ ನೀರು

ರೊಟ್ಟಿ ಮುಗಿದಿದ್ದೇ ತಡ, ತೊಳೆಯುವ ಆತುರಕ್ಕೆ ಕಾದ ಬೀಡುಕಬ್ಬಿಣದ ಹಂಚಿಗೆ ತಣ್ಣೀರು ಸುರಿದೆ. ಚುಯ್ ಎಂದ ಸದ್ದಿಗೆ ಮುನವಳ್ಳಿ ದಾರಿ ಕಣ್ಮುಂದೆ ಬಂತು.

ಸಾಹೇಬನೊಬ್ಬ ಓಡಿಸಿ ಬಿಟ್ಟ ದೊಡ್ಡ ಮೋಟಾರನ್ನು ಅಪ್ಪ ಕೊಂಡಿದ್ದ. ಹಿತ್ತಾಳೆ ದೀಪ, ಚರ್ಮದ ಗಾದಿ, ದಿನಕ್ಕೊಂದು ರೋಗ. ಹೆರಿಗೆ ನೋವು ಎದ್ದ ಸೋದರತ್ತೆಯನ್ನು ಧಾರವಾಡದ ದವಾಖಾನೆಗೆ ಒಯ್ಯುವಾಗ ಆ ದಾರಿಯಲ್ಲಿ ಅದು ಉಗಿ ಕಾರಿ ನಿಂತಿತು. ಅಪ್ಪ ಹೊಳೆಗೆ ಓಡಿ ಕೊಡ ತುಂಬಿ ತಂದ.

“ತಡಿಯೋ, ದಣದ ಎತ್ತಿಗೆ ಒಮ್ಮಿಗೇ ನೀರ ಕುಡಸ್ತಾರೇನು? ತೇಕು ಆರಲಿ,” ಎಂದ ಜೊತೆಗೆ ಬಂದಿದ್ದ ಅಜ್ಜ.

“ಇದು ಎತ್ತಲ್ಲಪಾ, ಕಬ್ಬಿಣ ಐತಿ. ಅಕ್ಕ ಒದ್ದಾಡಾಕ ಹತ್ಯಾಳ!”

ಅಪ್ಪ ಸುರಿದೇಬಿಟ್ಟ. ಠಣ್ಣೆಂದು ಎಂಜಿನ್ ಸೀಳಿತು. ಕೊನೆಗೆ ಅಜ್ಜ ಯಾರದೋ ಎತ್ತು ಕಟ್ಟಿಸಿ ಮೋಟಾರು ಎಳೆಸಿದ. ಅತ್ತೆ ದಾರಿಯಲ್ಲೇ, ಆ ಗಾದಿಯ ಮೇಲೆಯೇ ಹಡೆದಳು.

ಇಲ್ಲಿ ನನ್ನ ಹಂಚೂ ಸೀಳಿಹೋಗಿದೆ. ನಾನೂ ಅಪ್ಪನ ಮಗಳೇ.