ಬೋರ್ಡಿನ ಕೊನೆಯ ಸಾಲು

ಬೆಳಿಗ್ಗೆ ಹಾಲು ತರಲು ಹೋದ ನರಸಿಂಹಯ್ಯ ನೇರವಾಗಿ ಮನೆಗೆ ಬಂದ ದಿನವೇ ಇಲ್ಲ. ಚಂದಾಪುರದ ಆ ಬೀದಿಯ ತುದಿಯಲ್ಲಿ ಶ್ಯಾಮಣ್ಣನ ಶೆಡ್ಡಿದೆ. ಒಂದು ಕಾಲಕ್ಕೆ ಅದರಲ್ಲಿ ರಾಗಿಹುಲ್ಲು ತುಂಬಿರುತ್ತಿತ್ತು, ಈಗ ಪ್ರಾರ್ಥನೆ ನಡೆಯುತ್ತದೆ. ನರಸಿಂಹಯ್ಯ ಅದರ ಮುಂದೆ ನಿಂತು, ಹಾಲಿನ ಪ್ಯಾಕೆಟ್ಟನ್ನು ಎಡಗೈಗೆ ದಾಟಿಸಿ, ಹೆಗಲ ಟವೆಲ್ಲಿನ ತುದಿಯಿಂದ ಬೋರ್ಡಿನ ಕೊನೆಯ ಸಾಲನ್ನು ಒರೆಸುತ್ತಾರೆ. ಮೇಲಿನ ಸಾಲುಗಳ ತಂಟೆಗೆ ಹೋಗುವುದಿಲ್ಲ. ಮಳೆ ಬಂದರೆ ಕೊಡೆ ಹಿಡಿದು ಹೋಗುತ್ತಾರೆ.

"ಮಳೇಲಿ ಧೂಳೆಲ್ಲಿಂದ ಬರತ್ತೆ?" ಎಂದು ಹೆಂಡತಿ ಹೇಮಲತಾ ಕೇಳಿದರೆ, "ನೀರು ನಿಂತಿರತ್ತಲ್ಲ" ಎನ್ನುತ್ತಾರೆ.

ಆ ಸಾಲು ಇಷ್ಟೇ: 'ಯಾರಿಗೆ ಕಷ್ಟ ಬಂದರೂ ಕರೆಯಿರಿ, ಬರುತ್ತೇನೆ.' ಪಕ್ಕದಲ್ಲಿ ಒಂದು ಮೊಬೈಲ್ ನಂಬರು.

ಬರೆದವರು ನರಸಿಂಹಯ್ಯನವರೇ. ಸರ್ಕಾರಿ ಕಾರ್ಖಾನೆಯ ಪೇಂಟ್ ಶಾಪಿನಲ್ಲಿ ಮೂವತ್ತು ವರ್ಷ ಯಂತ್ರಗಳ ಮೇಲೆ ಅಕ್ಷರ ಬರೆದು ನಿವೃತ್ತರಾದವರು, ಈಗ ಮನೆಯ ಮುಂದಿನ ಕೋಣೆಯಲ್ಲಿ ಬೋರ್ಡು ಬರೆಯುತ್ತಾರೆ. ಏಳು ವರ್ಷದ ಹಿಂದೆ ಹಳೆಯ ಮೊಪೆಡ್ಡಿನಲ್ಲಿ ಒಬ್ಬ ಸಣಕಲು ಯುವಕ ಬಂದಿದ್ದ.

"ಬ್ರದರ್ ಜೀವನಕುಮಾರ್ ಅಂತ ಚಿಕ್ಕದಾಗಿ ಬರೀರಿ ಸಾರ್. ಕೊನೇ ಸಾಲು ಮಾತ್ರ ಎದ್ದು ಕಾಣ್ಬೇಕು."

ಬೋರ್ಡಿಗೆ ಶ್ಯಾಮಣ್ಣನ ಷರತ್ತಿತ್ತು. "ನಾಕಡಿ ತಗಡು, ಅದೊಂದೇಯ. ನನ್ ಗೋಡೆಗೆ ಇನ್ನೊಂದು ಮೊಳೆ ಒಡುದ್ರೆ ಗೋಡೇನೇ ಬೀಳ್ತದೆ. ಆಮ್ಯಾಕೆ ನಿನ್ ದೇವ್ರು ನನ್ ದೇವ್ರು ಇಬ್ರೂ ಬಂದ್ರೂ ಎತ್ತಕಾಗಾಕಿಲ್ಲ." ನರಸಿಂಹಯ್ಯನವರಿಗೂ ಒಂದು ನಿಯಮವಿತ್ತು: ಎರಡು ಅಂಗುಲಕ್ಕಿಂತ ಚಿಕ್ಕ ಅಕ್ಷರ ಬರೆಯುವುದಿಲ್ಲ. ಬಸ್ಸಿನಲ್ಲಿ ಕೂತವರಿಗೆ ಕಾಣದ ಅಕ್ಷರ ಬರೆದರೇನು, ಬಿಟ್ಟರೇನು?

ಮರುವರ್ಷ ಒಂದು ಮಧ್ಯಾಹ್ನ ಹೇಮಲತಾ ಬಚ್ಚಲಲ್ಲಿ ಜಾರಿ ಬಿದ್ದರು. ನರಸಿಂಹಯ್ಯ ಪೀಣ್ಯದಲ್ಲಿ ಯಾರದೋ ಗೃಹಪ್ರವೇಶದ ಊಟಕ್ಕೆ ಕೂತಿದ್ದರು. ಪಕ್ಕದ ಮನೆಯವರಿಗೆ ದಿಕ್ಕು ತೋಚದೆ ಬೋರ್ಡಿನ ನಂಬರಿಗೆ ಫೋನು ಮಾಡಿದರು. ಬ್ರದರ್ ಹತ್ತು ನಿಮಿಷದಲ್ಲಿ ಆಟೋ ತಂದ. ಎಕ್ಸ್‌ರೇ ಸಾಲಿನಲ್ಲಿ ಆಕೆಯ ಚಪ್ಪಲಿ ಕೈಯಲ್ಲಿ ಹಿಡಿದು ನಿಂತ. ಧರ್ಮದ ಮಾತು ಒಂದೂ ಆಡಲಿಲ್ಲ. ಆಕೆಯನ್ನು ಅಕ್ಕ ಎಂದ, ಆಕೆ ತಮ್ಮ ಎಂದರು. ಟವೆಲ್ಲಿನ ಸೇವೆ ಶುರುವಾದದ್ದು ಅಂದಿನಿಂದ.

ಆಮೇಲೆ ಬ್ರದರ್ ಬೆಳೆಯತೊಡಗಿದರು. ತಗಡು ಬೆಳೆಯಲಿಲ್ಲ.

ಪಾಸ್ಟರ್ ಆದಾಗ ಬೋರ್ಡಿನ ಮೂಲೆಯಲ್ಲಿ ಬಿಡಿಸಿದ್ದ ಪಾರಿವಾಳ ಹಾರಿಹೋಯಿತು. ರೆವರೆಂಡ್ ಆದಾಗ 'ಎಲ್ಲರಿಗೂ ಸ್ವಾಗತ' ಅಳಿಯಿತು. ಹೋಟೆಲೊಂದರ ಸಭಾಂಗಣದಲ್ಲಿ ಗೌನು ತೊಟ್ಟು ಡಾಕ್ಟರ್ ಆಗಿ ಬಂದಾಗ ಭಾನುವಾರದ ಪ್ರಾರ್ಥನೆಯ ವೇಳೆಯೇ ಅಳಿಯಿತು. ಗೌನನ್ನು ಸಂಜೆಯೊಳಗೆ ಹಿಂದಿರುಗಿಸಬೇಕಿತ್ತಂತೆ, ಪದವಿಯನ್ನು ಮಾತ್ರ ಇಟ್ಟುಕೊಳ್ಳಬಹುದಂತೆ. ಮೊಪೆಡ್ ಹೋಗಿ ಕಾರು ಬಂತು.

ಕಾರ್ಖಾನೆಯ ಹಳೆಯ ಗೆಳೆಯ ದೇವದಾನ ವೈಟ್‌ಫೀಲ್ಡಿನ ಹಳೇ ಚರ್ಚಿನವರು. ನಿಮ್ಮಲ್ಲೂ ಹೀಗೇ ಬೇಗ ಬೇಗ ಪದವಿ ಏರುತ್ತಾರಾ ಎಂದು ನರಸಿಂಹಯ್ಯ ಅವರನ್ನೇ ಕೇಳಿದರು.

"ನಮ್ಮಲ್ಲಿ ಮೊದ್ಲು ವರ್ಷಗಟ್ಟಲೆ ಓದ್ಬೇಕು, ಆಮೇಲೆ ಡೀಕನ್ನು, ಆಮೇಲೆ ಸಭಾಪಾಲಕರು. ಬಿಷಪ್ ಆಗೋ ಹೊತ್ತಿಗೆ ಮಂಡಿ ಹೋಗಿರತ್ತೆ ಕಣಯ್ಯ" ಎಂದು ದೇವದಾನ ನಕ್ಕರು.

"ನಮ್ ಫ್ಯಾಕ್ಟ್ರಿ ಥರಾನೇ ಅನ್ನು. ಹೆಲ್ಪರ್ ಆಪರೇಟರ್ ಆಗೋಕೆ ಆರು ವರ್ಷ, ಅದಕ್ಕೂ ಟ್ರೇಡ್ ಟೆಸ್ಟು."

"ಹೂಂ. ಆದ್ರೆ ನಮ್ಮಲ್ಲೂ ಕುರ್ಚಿ ಸಿಕ್ಕಿದ್ಮೇಲೆ ಮಂಡಿ ಊರೋದು ಮರೆತೋರು ಇದ್ದಾರಪ್ಪ, ಅದನ್ನೂ ಹೇಳ್ಬೇಕು."

ಕಳೆದ ವಾರ ಡಾಕ್ಟರ್ ಸಾಹೇಬರು ಕಾಗದ ಹಿಡಿದು ಬಂದರು. ಕುತ್ತಿಗೆಯಲ್ಲಿ ದೊಡ್ಡ ಶಿಲುಬೆ, ಬೆರಳಲ್ಲಿ ಅದಕ್ಕೊಪ್ಪುವ ಉಂಗುರ. ಇವರೂ ಸೇರಿ ಮೂರು ಊರಿನ ಮೂವರು ರೆವರೆಂಡ್‌ಗಳು ಕಲ್ಯಾಣ ಮಂಟಪದಲ್ಲಿ ಸೇರಿ, ಒಬ್ಬರ ತಲೆಯ ಮೇಲೊಬ್ಬರು ಸರದಿಯಂತೆ ಕೈಯಿಟ್ಟು, ಊಟದ ಹೊತ್ತಿಗೆ ಮೂವರೂ ಬಿಷಪ್ ಆಗಿದ್ದರು.

ನರಸಿಂಹಯ್ಯ ಓದಿದರು: 'ಅತಿ ವಂದನೀಯ ಬಿಷಪ್ ರೆವರೆಂಡ್ ಡಾಕ್ಟರ್ ಜೀವನಕುಮಾರ್, ಸಂಸ್ಥಾಪಕರು ಹಾಗೂ ಮಹಾಪೋಷಕರು.'

"ಜಾಗ ಇಲ್ವಲ್ಲ ಅಯ್ಯನೋರೆ."

"ಕೊನೇ ಸಾಲು ತೆಗೀರಿ ಸಾರ್. ಬಿಷಪ್ ಆದೋರ ನಂಬರು ಬೀದೀಲಿರೋದು ಪದ್ಧತಿ ಅಲ್ಲ."

ಸೀಮೆಸುಣ್ಣ ಹಿಡಿದಿದ್ದ ಕೈ ನಿಂತಿತು. ನರಸಿಂಹಯ್ಯ ತಮ್ಮ ಮೊಬೈಲು ತೆಗೆದು, ಆರು ವರ್ಷದಿಂದ ಒರೆಸಿ ಒರೆಸಿ ಬಾಯಿಪಾಠವಾಗಿದ್ದ ನಂಬರನ್ನು ಒತ್ತಿ ಸ್ಪೀಕರ್ ಹಾಕಿದರು.

"ಪ್ರೈಸ್ ದ ಲಾರ್ಡ್, ಬಿಷಪ್ ಅವರ ಕಾರ್ಯಾಲಯ" ಎಂದಿತು ಹೆಣ್ಣುದನಿ.

"ಅಯ್ಯನೋರು ಬೇಕಿತ್ತಮ್ಮ. ಕಷ್ಟದಲ್ಲಿದೀವಿ."

"ಅಯ್ಯನವರು ಉಪವಾಸ ಪ್ರಾರ್ಥನೆಯಲ್ಲಿದ್ದಾರೆ. ಗುರುವಾರ ಮಾಡಿ."

ಅಯ್ಯನವರ ಬಾಯಲ್ಲಿ ಆಗ ಹೇಮಲತಾ ತಂದಿಟ್ಟಿದ್ದ ಮಸಾಲೆವಡೆ ಇತ್ತು. ಅಗಿಯುವುದು ನಿಂತಿತು. ನುಂಗಲೂ ಆಗಲಿಲ್ಲ.

"ನೀರು ಕುಡಿ ತಮ್ಮಾ, ನೆತ್ತಿಗೇರೀತು" ಎಂದು ಹೇಮಲತಾ ಲೋಟ ಕೊಟ್ಟರು. ಆಕೆಗೆ ಆತ ಪಾಸ್ಟರ್ ಆಗಿದ್ದೂ ಗೊತ್ತು, ಡಾಕ್ಟರ್ ಆಗಿದ್ದೂ ಗೊತ್ತು. ಕರೆಯುವುದು ಮಾತ್ರ ತಮ್ಮ ಎಂದೇ.

"ಅಕ್ಕ, ಹೊರಗಡೆ ಜನರ ಮುಂದೆ ಹಂಗೆ ಕರೀಬೇಡಿ..."

"ಅವತ್ತು ಆಸ್ಪತ್ರೇಲಿ ಎಷ್ಟು ಜನ ಇದ್ರು! ನನ್ ಚಪ್ಪಲಿ ಹಿಡ್ಕೊಂಡು ಅಕ್ಕ ಅಕ್ಕ ಅಂತ ಕೂಗ್ತಿದ್ಯಲ್ಲೋ."

ಬಿಷಪ್ ಉಂಗುರವನ್ನು ತಿರುಗಿಸುತ್ತ ಕೂತರು. ಒಂದು ಗಳಿಗೆ ಮೊಪೆಡ್ಡಿನ ಯುವಕನ ಮುಖ ಅಲ್ಲಿ ಹಾದು ಹೋದಂತಾಯಿತು. ಆಮೇಲೆ ಅವರು ಗಂಟಲು ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು.

"ಸಾರ್, ನಿಮ್ಮಂಥ ಕಲಾವಿದರಿಗೆ ಒಂದು ಮರ್ಯಾದೆ ಬೇಡ್ವಾ? ಬರೋ ತಿಂಗಳು ನಮ್ಮ ಯೂನಿವರ್ಸಿಟಿಯೋರು ಮತ್ತೆ ಬರ್ತಿದಾರೆ. ನಿಮಗೂ ಒಂದು ಡಾಕ್ಟರೇಟ್ ಕೊಡಿಸ್ತೀನಿ. ಓದೋದೂ ಇಲ್ಲ, ಬರೆಯೋದೂ ಇಲ್ಲ. ಗೌನು ಅವರೇ ತರ್ತಾರೆ. ಬೋರ್ಡೊಂದು ಭಾನುವಾರದೊಳಗೆ ಆಗ್ಬಿಡ್ಲಿ."

ನರಸಿಂಹಯ್ಯ ಕಾಗದವನ್ನು ಮೊದಲಿನ ಮಡಿಕೆಯಲ್ಲೇ ಮಡಚಿ ಅವರ ಕೈಗಿಟ್ಟರು.

"ಬಿಷಪ್ ಅಂತ ಬರೀಬೇಕಾ, ಡಾಕ್ಟರ್ ಅಳಿಸಿ ಅಲ್ಲೇ ಬರೀತೀನಿ, ಅಳತೆ ಸರಿಹೋಗತ್ತೆ. ಕೊನೇ ಸಾಲು ಮುಟ್ಟಲ್ಲ. ಆ ಫೋನು ವಾಪಸ್ ನಿಮ್ಮ ಜೇಬಿಗೆ ಬರ್ಲಿ. ಅಲ್ಲೀವರೆಗೂ ಸಾಲು ನಾನು ಒರೆಸ್ಕೊಂಡಿರ್ತೀನಿ."

"ಮತ್ತೆ ಡಾಕ್ಟರೇಟು?"

"ಬೇಡ ಅಯ್ಯನೋರೆ" ಎಂದು ನರಸಿಂಹಯ್ಯ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೊಳೆಯತೊಡಗಿದರು. "ನನ್ನ ಬೋರ್ಡು ಎರಡೇ ಅಡಿ. 'ಇಲ್ಲಿ ಬೋರ್ಡು ಬರೆಯಲಾಗುವುದು' ಅಂತಿದೆ. ಅದರಲ್ಲಿ ಅಳಿಸೋಂಥದ್ದು ಏನೂ ಇಲ್ಲ."