ಅರವತ್ತನಾಲ್ಕನೆಯ ಚೀಟಿ

ಬೆಳಗಿನ ಐದು ಗಂಟೆ. ಬುಲಾನಾನ್ ತೀರದಲ್ಲಿ ಬೋರಲು ಹಾಕಿದ ಐಸ್ ಪೆಟ್ಟಿಗೆಯ ಮೇಲೆ ಹೆರ್ಮೀನ್ಯಾ ಪಲ್ಮಾರೆಸ್ ಕೂತಿದ್ದಾರೆ. ತೊಡೆಯ ಮೇಲೊಂದು ರಟ್ಟು, ರಟ್ಟಿನ ಮೇಲೆ ಅಂಗೈಯಗಲದ ಚೀಟಿಗಳ ಕಟ್ಟು. ಎದುರಿಗೆ ಮೆಕ್ಯಾನಿಕ್ ನಿಕಾನೋರ್ ಗುಂಬಾನ್ ಮೀನುದೋಣಿಯೊಂದಕ್ಕೆ ಎಂಜಿನ್ ಕೂರಿಸುತ್ತಿದ್ದಾರೆ. ವಯಸ್ಸು ಅರವತ್ತೊಂದು, ಊರಿಗೆಲ್ಲ ಅವರು ನೊಂಗ್ ಕಾನೋರ್, ಅಂದರೆ ಕಾನೋರಣ್ಣ. ಅವರ ಕೈ ಒಂದು ಕೆಲಸ ಮುಗಿಸಿದರೆ ಇವರ ಕೈ ಒಂದು ಚೀಟಿ ಬರೆಯುತ್ತದೆ.

“ಏನು ಬರ್ಕೊಂಡ್ರಿ ಈಗ?”

“ಬೋಲ್ಟ್ ಬಿಗಿ ಮಾಡಿದ್ರಿ ಅಂತ.”

“ಎಷ್ಟು ಬಿಗಿ ಅಂತಾನೂ ಬರ್ಕೊಳ್ಳಿ ಮ್ಯಾಮ್. ನಾಳೆ ಅದಕ್ಕೂ ಪರ್ಮಿಟ್ ತೋರ್ಸು ಅಂತ ಯಾರನ್ನಾದ್ರೂ ಕಳಿಸ್ತೀರಲ್ಲ!”

ಸುತ್ತ ನಿಂತವರು ನಗುತ್ತಾರೆ. ಹೆರ್ಮೀನ್ಯಾ ನಗುವುದಿಲ್ಲ, ಮುನಿಯುವುದೂ ಇಲ್ಲ. ಬೈಯುತ್ತಲೇ ಕಾನೋರ್ ತಮ್ಮ ದೀಪವನ್ನು ಒಂದು ಮೊಳ ಈಚೆಗೆ ಸರಿಸುತ್ತಾರೆ. ಬೆಳಕು ಈಗ ಎಂಜಿನ್ನಿಗಿಂತ ಆಕೆಯ ಚೀಟಿಯ ಮೇಲೆಯೇ ಹೆಚ್ಚು ಬೀಳುತ್ತದೆ. ಇಬ್ಬರೂ ಅದನ್ನು ನೋಡದವರಂತೆ ಇರುತ್ತಾರೆ.

ಹೆರ್ಮೀನ್ಯಾ ನಮ್ಮೂರ ಸಮುದಾಯ ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಇದ್ದಾರೆ. ಸೇರಿದ್ದು ಟೈಪಿಂಗ್ ಕಲಿಸಲು. ಟೈಪಿಂಗ್ ಯಂತ್ರಗಳು ಉಗ್ರಾಣ ಸೇರಿದ ವರ್ಷ, “ಊರಿನವರಿಗೆ ಕೆಲಸ ಸಿಗುವಂಥ ಹೊಸ ತರಬೇತಿಗಳನ್ನು ನೀವೇ ರೂಪಿಸಿ” ಎಂಬ ಆದೇಶ ಬಂತು. ಹೇಗೆಂದು ಯಾರೂ ಹೇಳಿಕೊಡಲಿಲ್ಲ. ಆಕೆ ನಗರದಿಂದ ಒಂದು ಪುಸ್ತಕ ತರಿಸಿ, ಅದರಲ್ಲಿದ್ದಂತೆ ಹೋಟೆಲ್ ಕೋಣೆ ಒಪ್ಪಮಾಡುವ ತರಬೇತಿ ಶುರು ಮಾಡಿದರು. ಮೂವತ್ತೆಂಟು ಹುಡುಗಿಯರಿಗೆ ಪ್ರಮಾಣಪತ್ರ ಸಿಕ್ಕಿತು. ಆದರೆ ಬುಲಾನಾನಿನಲ್ಲಿ ಹೋಟೆಲ್ಲೇ ಇರಲಿಲ್ಲ.

“ಯಾರನ್ನೂ ಕೇಳದೆ ಮಾಡಿದ್ದೆ. ತಪ್ಪು ನಂದೇ,” ಎನ್ನುತ್ತಾರೆ ಆಕೆ. ಆ ಮೂವತ್ತೆಂಟರಲ್ಲಿ ಒಬ್ಬಳು ಈಗ ಸಂತೆಯಲ್ಲಿ ಒಣಮೀನು ಮಾರುತ್ತಾಳೆ. ಹೆರ್ಮೀನ್ಯಾ ಅತ್ತ ಹೋದಾಗಲೆಲ್ಲ ಕೂಗುತ್ತಾಳೆ: “ಮೀನಿಗೆ ಹಾಸಿಗೆ ಹಾಸಿ ಕೊಡ್ಲಾ ಮ್ಯಾಮ್? ಮೂಲೆ ಮಡಿಸಿ?” ಕೂಗಿದ ಮೇಲೆ ಒಂದು ಮೀನು ಹೆಚ್ಚೇ ಹಾಕಿ ಕೊಡುತ್ತಾಳೆ, ಅದೂ ನಿಜ.

ಅಂದಿನಿಂದ ಆಕೆಯ ಪದ್ಧತಿ ಬದಲಾಗಿದೆ. ಯಾವ ಕಸುಬನ್ನು ಕಲಿಸಬೇಕೋ ಆ ಕಸುಬಿನವರ ಎದುರು ನಾಲ್ಕು ವಾರ ಕೂರುತ್ತಾರೆ. ಒಂದು ಕೆಲಸಕ್ಕೆ ಒಂದು ಚೀಟಿ. ಆಮೇಲೆ ಕಸುಬಿನವರನ್ನೇ ಕಾಲೇಜಿಗೆ ಕರೆದು, ಚೀಟಿಗಳನ್ನು ಗೋಡೆಗೆ ಅಂಟಿಸಿ, ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬಿಟ್ಟುಹೋಗಿದೆ ಎಂದು ಕೇಳುತ್ತಾರೆ. ಆ ಗೋಡೆಯೇ ಪಠ್ಯ. ದೋಣಿ ಎಂಜಿನ್ ಕೂರಿಸುವ ತರಬೇತಿಗೆ ಹದಿನಾಲ್ಕು ಮಂದಿ ಹೆಸರು ಕೊಟ್ಟು ಕಾಯುತ್ತಿದ್ದಾರೆ. ತೀರದಲ್ಲಿರುವ ನೂರ ನಲವತ್ತು ದೋಣಿಗಳಿಗೆ ಮೆಕ್ಯಾನಿಕ್‌ಗಳು ಐದೇ ಜನ, ಅವರಲ್ಲಿ ಐವತ್ತು ದಾಟದವರು ಒಬ್ಬರೂ ಇಲ್ಲ.

ಆ ಐವರೂ ಗೋಡೆಯ ಮುಂದೆ ಬಂದು ನಿಂತರು. ಆದರೆ ನಂಬಿ ಬಂದವರಲ್ಲ. ಕೆಲವು ವರ್ಷಗಳ ಹಿಂದೆ ಹೀಗೆಯೇ ಯಾರೋ ಪುಸ್ತಕ ಹಿಡಿದು ಬಂದು, ಎಲ್ಲವನ್ನೂ ಕೇಳಿ ಬರೆದುಕೊಂಡು ಹೋಗಿದ್ದರು. ಮುಂದಿನ ತಿಂಗಳೇ ಮೆಕ್ಯಾನಿಕ್‌ಗಳು ಪರ್ಮಿಟ್ ಮಾಡಿಸಬೇಕಾಗಿ ಬಂತು. “ನಮ್ಮ ಅನ್ನಾನೇ ಗೋಡೆಗೆ ಅಂಟಿಸ್ತಿದ್ದೀರಿ,” ಎಂದರು ಕಾನೋರ್. ಎಂದವರೇ ಓರೆಯಾಗಿದ್ದ ಒಂದು ಚೀಟಿಯನ್ನು ನೆಟ್ಟಗೆ ಮಾಡಿದರು.

ಚೀಟಿಗಳು ಅರವತ್ತಮೂರಾದವು. ಕೊನೆಯದು: ದೋಣಿ ನೀರಿಗಿಳಿಸು.

ಈಗ ಅನುಮಾನ ಹೆರ್ಮೀನ್ಯಾ ಅವರದು. ತೀರದಲ್ಲಿ ಆಕೆ ಒಂದು ವಿಷಯ ಕಂಡಿದ್ದಾರೆ. ದೋಣಿ ನೀರಿಗಿಳಿದ ಮೇಲೆ ಮೆಕ್ಯಾನಿಕ್ ಒಬ್ಬನೇ ಅದರಲ್ಲಿ ಕೂತು ದೂರ ಹೋಗುತ್ತಾನೆ. ದೋಣಿಯ ಧಣಿಯನ್ನೂ ಹತ್ತಿಸಿಕೊಳ್ಳುವುದಿಲ್ಲ. ಇಪ್ಪತ್ತು ನಿಮಿಷಕ್ಕೆ ಮರಳುತ್ತಾನೆ. ಏನು ಮಾಡಿದಿರಿ ಎಂದರೆ ಐವರದೂ ಒಂದೇ ಉತ್ತರ: “ಸುಮ್ನೆ ಒಂದು ಸುತ್ತು.”

“ಸುಮ್ನೆ ಸುತ್ತೋಕೆ ಸ್ಪ್ಯಾನರ್ ಯಾಕೆ ನೊಂಗ್?”

“ಬೆನ್ನು ಕೆರ್ಕೊಳ್ಳೋಕೆ.”

ಶುಕ್ರವಾರ ತರಬೇತಿಗೆ ಒಪ್ಪಿಗೆ ಕೊಡುವ ಕಾಲೇಜಿನ ಸಮಿತಿ ಕೂರಲಿದೆ. ಅದು ತಪ್ಪಿದರೆ ಮತ್ತೆ ಮೂರು ತಿಂಗಳು. ಬುಧವಾರ ಹೆರ್ಮೀನ್ಯಾ ಪ್ರಿನ್ಸಿಪಾಲರ ಬಳಿ ಹೋಗಿ ಸಮಿತಿಗೆಂದು ಕೊಟ್ಟಿದ್ದ ತಮ್ಮ ಪಠ್ಯವನ್ನು ತಾವೇ ವಾಪಸ್ಸು ಕೇಳುತ್ತಾರೆ.

“ಅರವತ್ತಮೂರು ಸಾಲ್ದೇನ್ರೀ? ಸಮಿತಿಯಲ್ಲಿ ಯಾರು ಎಣಿಸ್ತಾರೆ?”

“ಸಮಿತಿಯವರು ದೋಣಿ ಹತ್ತಲ್ಲ ಸರ್. ಈ ಹದಿನಾಲ್ಕು ಮಕ್ಳು ಎಂಜಿನ್ ಕೂರ್ಸಿದ ದೋಣೀಲಿ ಬೇರೆಯವರ ಮನೆ ಗಂಡಸ್ರು ಹೋಗ್ತಾರೆ.”

ಪ್ರಿನ್ಸಿಪಾಲರು ಕಡತವನ್ನು ಮೇಜಿನ ಆಚೆ ತುದಿಗೆ ತಳ್ಳುತ್ತಾರೆ. “ಹಿಂದಿನದು ಹೋಟೆಲ್ ಇಲ್ದೆ ಹೋಯ್ತು, ಇದು ನಿಮ್ಮ ಅನುಮಾನದಿಂದ ಹೋಗುತ್ತೆ. ಆಮೇಲೆ ನಿಮಗೆ ಇಲ್ಲಿ ಏನು ಕೆಲಸ ಕೊಡ್ಲಿ ಹೇಳಿ?” ಆಕೆ ಕಡತ ಎತ್ತಿಕೊಂಡು ಹೊರಬರುತ್ತಾರೆ.

ನಮ್ಮೂರಲ್ಲಿ ಇಂಥ ಸುದ್ದಿ ಸಂತೆ ಮುಗಿಯುವುದರೊಳಗೆ ತೀರ ತಲುಪುತ್ತದೆ. ಗುರುವಾರ ಮಧ್ಯಾಹ್ನ ಕಾನೋರ್ ಕಾಲೇಜಿನ ಗೇಟಿಗೆ ಬರುತ್ತಾರೆ. ಒಳಗೆ ಕಾಲಿಡುವುದಿಲ್ಲ. ಇದನ್ನು ಬರೆಯಲೆಂದು ಆಕೆಯ ಹಿಂದೆ ಸುತ್ತುತ್ತಿದ್ದ ನಾನು ಆಗ ಹೆರ್ಮೀನ್ಯಾ ಜೊತೆಯಲ್ಲೇ ಇದ್ದೆ.

“ನಿಲ್ಲಿಸಿದ್ದು ಯಾರು?”

“ನಾನೇ.”

“ನನ್ನ ಬಾಯಿ ಬಿಡಿಸೋಕೆ ಹೂಡಿದ ಆಟ ತಾನೇ ಇದು?”

“ಅಲ್ಲ ಅಂದ್ರೆ ನಂಬ್ತೀರಾ?”

“ಇಲ್ಲ.”

“ಮತ್ತೆ ಯಾಕೆ ಕೇಳ್ತೀರಿ ನೊಂಗ್, ಈ ಬಿಸಿಲಲ್ಲಿ?”

ಹೆರ್ಮೀನ್ಯಾ ಒಳಗಿನಿಂದ ಒಂದು ಕುರ್ಚಿ ತಂದು ನೆರಳಿನಲ್ಲಿ, ಗೇಟಿನ ಹೊರಗೇ ಹಾಕಿದರು. ಕಾನೋರ್ ಕೂರಲಿಲ್ಲ. “ನಾಳೆ ಐದಕ್ಕೆ ಬನ್ನಿ. ಪೆನ್ನು ತರಬೇಡಿ,” ಎಂದು ಹೇಳಿ ಹೊರಟರು.

ಶುಕ್ರವಾರ, ಅತ್ತ ಸಮಿತಿ ಸೇರುವ ದಿನ, ಇತ್ತ ದೋಣಿಯಲ್ಲಿ ನಾವು ಮೂವರು. ನನ್ನನ್ನು ಹತ್ತಿಸಿಕೊಂಡದ್ದು “ಮುದುಕಿ ನೋಡಿದ್ರೆ ಏನು ಕದ್ದಾಳು” ಎಂಬ ಧೈರ್ಯದಿಂದ. ದಡ ಮಸುಕಾದ ಮೇಲೆ ಕಾನೋರ್ ಎಂಜಿನ್ ನಿಲ್ಲಿಸುತ್ತಾರೆ. ಎಂಜಿನ್ನನ್ನೂ ಪ್ರೊಪೆಲ್ಲರಿನ ಉದ್ದನೆಯ ಶಾಫ್ಟನ್ನೂ ಜೋಡಿಸುವ ನಾಲ್ಕು ಬೋಲ್ಟುಗಳನ್ನು, ದಡದಲ್ಲಿ ಅಷ್ಟು ಜೋಪಾನವಾಗಿ ಬಿಗಿದವುಗಳನ್ನು, ಸಡಿಲಿಸುತ್ತಾರೆ. ಎಂಜಿನ್ನಿನದೊಂದು, ಶಾಫ್ಟಿನದೊಂದು ಹೀಗೆ ಸೇರಿದ್ದ ಎರಡು ಲೋಹದ ಬಿಲ್ಲೆಗಳ ನಡುವೆ ಕೆಳಗಡೆ ಉಗುರು ಹೋಗುವಷ್ಟು ಸಂದಿ ಬಾಯಿ ತೆರೆಯುತ್ತದೆ.

“ಬೆರಳಿಟ್ಟು ನೋಡಿ. ಮರಳ ಮೇಲೆ ಕೂತಾಗ ಮರದ ಹೊಟ್ಟೆ ಒಂದು ಆಕಾರ. ನೀರಲ್ಲಿ ತೇಲಿದ್ರೆ ಇನ್ನೊಂದು. ದಡದಲ್ಲಿ ಸರಿ ಮಾಡಿದ್ದು ಇಲ್ಲಿ ಸರಿ ಇರಲ್ಲ. ಹಾಗೇ ಬಿಟ್ರೆ ಶಾಫ್ಟ್ ಅದುರಿ ಅದುರಿ ಒಂದಿನ ನಡುನೀರಲ್ಲಿ ಮುರಿಯುತ್ತೆ. ನನ್ನ ಹತ್ರ ಎಲ್ಲಾ ಕಲಿತೆ ಅಂತ ಒಬ್ಬ ಎದುರುಗಡೆನೇ ಅಂಗಡಿ ಹಾಕಿದ್ದ. ಇದೊಂದನ್ನ ಹೇಳಿರ್ಲಿಲ್ಲ ನಾನು.”

“ಏನಾಯ್ತು ಅವನಿಗೆ?”

“ಅವನಿಗೇನೂ ಆಗ್ಲಿಲ್ಲ. ಅವನು ಎಂಜಿನ್ ಕೂರ್ಸಿದ ದೋಣಿ ಎರಡು ದಿನ ತೇಲ್ತಾ ಇತ್ತು. ಅಪ್ಪ ಮಗ ಇದ್ರು ಅದ್ರಲ್ಲಿ. ಸಿಕ್ಕಿದ್ರು, ಬದುಕಿದ್ರು.” ತೆಳು ತಗಡಿನ ಚೂರೊಂದನ್ನು ಎಂಜಿನ್ನಿನ ಪಾದದಡಿ ಸರಿಸಿ, ಸಂದಿ ಮುಚ್ಚಿದ ಮೇಲೆ ಮತ್ತೆ ಬೋಲ್ಟ್ ಬಿಗಿದು ಅವರು ಹೇಳಿದ್ದು ಇಷ್ಟೇ: “ಮರಳು ಹೇಳೋದನ್ನ ನಂಬಬಾರ್ದು.”

ತರಬೇತಿ ಮೂರು ತಿಂಗಳು ತಡವಾಗಿ ಬರುವ ಸೋಮವಾರ ಶುರುವಾಗುತ್ತಿದೆ. ಹದಿನಾಲ್ಕರಲ್ಲಿ ಮೂವರು ಕಾಯಲಾರದೆ ಬೇರೆ ದಾರಿ ನೋಡಿಕೊಂಡರು. ಅವರ ಹೆಸರುಗಳನ್ನು ಹೆರ್ಮೀನ್ಯಾ ಪಟ್ಟಿಯಿಂದ ಇನ್ನೂ ತೆಗೆದಿಲ್ಲ. ಅರವತ್ತನಾಲ್ಕನೆಯ ಪಾಠವನ್ನು ಕಾನೋರ್ ತಾವೇ ನೀರಿನ ಮೇಲೆ ಕಲಿಸುತ್ತಾರಂತೆ. ಅವರ ಷರತ್ತು ಒಂದೇ: ತಮ್ಮ ಹೆಸರು ಕಾಲೇಜಿನ ಯಾವ ಕಾಗದದಲ್ಲೂ ಇರಬಾರದು. ಆ ಚೀಟಿಯನ್ನು ಹೆರ್ಮೀನ್ಯಾ ಅವರಿಂದ ಮೂರು ಸಲ ಗಟ್ಟಿಯಾಗಿ ಓದಿಸಿ, ಹೇಳದ್ದೇನೂ ಸೇರಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಅಂಟಿಸಲು ಬಿಟ್ಟರು.

ಇಷ್ಟಕ್ಕೆಲ್ಲ ನಿಮಗೇನು ಬೇಕು ಎಂದು ನಾನು ಹೆರ್ಮೀನ್ಯಾ ಅವರನ್ನು ಕೇಳಿದೆ. ಆಕೆ ಅಂಟು ಮೆತ್ತಿದ ಬೆರಳುಗಳನ್ನು ಉಜ್ಜಿಕೊಳ್ಳುತ್ತ ಹೇಳಿದರು:

“ನಮ್ಮಲ್ಲಿ ಕಲಿತೋರು ಎಂಜಿನ್ ಕೂರ್ಸಿದ ದೋಣಿಗೆ ನೊಂಗ್ ಕಾನೋರ್ ಒಂದೇ ಒಂದ್ಸಲ ಹತ್ತಬೇಕು. ಸ್ಪ್ಯಾನರ್ ದಡದಲ್ಲೇ ಬಿಟ್ಟು.”